ಕೆಳಗಿನ ಸಾಲಿನ ಕೆಂಪು ಚೌಕಗಳು

ಹಾಳೆ ನೋಡಿದ ಕೂಡಲೇ ವಿಷಯ ತಿಳಿಯಬೇಕು ಎಂಬುದು ನನ್ನ ಹಟ. ಜನ ಮೊಬೈಲ್ ಆ್ಯಪ್ ಬಳಸುವಾಗ ಪಕ್ಕದಲ್ಲಿ ಕೂತು, ಎಲ್ಲಿ ಎಡವುತ್ತಾರೆಂದು ಗುರುತು ಹಾಕಿಕೊಂಡು, ಅದನ್ನು ಚಿತ್ರದ ವರದಿ ಮಾಡಿಕೊಡುವುದು ನನ್ನ ಕೆಲಸ. ಇಪ್ಪತ್ತು ಪುಟ ಕೊರೆದರೆ ಯಾವ ಪುಣ್ಯಾತ್ಮ ಓದುತ್ತಾನೆ? ಒಂದೇ ಪುಟ, ಬಣ್ಣದ ಚೌಕಗಳು, ಮುಗಿಯಿತು. ಹಾಗೆಂದು ಬೀಗುತ್ತಿದ್ದೆ.

ಮೊಳಕಾಲ್ಮುರಿನ ನೇಕಾರರು ತಮ್ಮ ಸೀರೆಯ ವಿವರ ಕಳಿಸಿ ಆರ್ಡರ್‌ಗಳನ್ನು ಫೋನಿನಲ್ಲೇ ಪಡೆಯಲೆಂದು ಒಂದು ಸಂಸ್ಥೆ ಆ್ಯಪ್ ಮಾಡಿಸಿತ್ತು. ನಾನು ಅದೇ ಊರಿನ ಮಗ್ಗದ ಮನೆಯವನೆಂದು ಪರೀಕ್ಷಿಸಲು ನನ್ನನ್ನೇ ಕಳಿಸಿದರು. ಆರು ಜನರ ಪಕ್ಕ ಕೂತೆ. ಐವರು ಫೋನಿಗೆ ಪಳಗಿದ ಹರೆಯದವರು. ಆರನೆಯವರು ನಮ್ಮ ಪಕ್ಕದ ಮನೆಯ ಪೆದ್ದಮ್ಮ, ತೆಲುಗಿನಲ್ಲಿ ದೊಡ್ಡಮ್ಮ ಅಂತ. ಮಗ್ಗದ ಮುಂದೆ ನನ್ನನ್ನು ಮೊದಲು ಕೂರಿಸಿದವರೇ ಅವರು. ಈ ಸಂಸ್ಥೆಯ ಆರ್ಡರ್ ಸಿಗದಿದ್ದರೆ ಮಗ್ಗ ಬಿಚ್ಚಿಡಬೇಕು ಎಂದು ಮೊದಲೇ ಹೇಳಿದ್ದರು.

ಪರದೆಯಲ್ಲಿ ಮೇಲಿನಿಂದ ಕೆಳಕ್ಕೆ ಸೀರೆಯ ಫೋಟೊ, ಬಣ್ಣ, ಅಳತೆ, ಕಡೆಗೆ ‘ಕಳಿಸಿ’ ಎಂಬ ಗುಂಡಿ. ಪೆದ್ದಮ್ಮ ಪ್ರತಿ ಸಲವೂ ಮೊದಲು ‘ಕಳಿಸಿ’ಯನ್ನೇ ಒತ್ತಿದರು. ಫೋನು ಆಗದು ಎಂದಿತು. "ಒಪ್ಪಂಗಿಲ್ವಲ್ಲ ನಾಯನಾ ಇದು" ಎಂದು ತೆಲುಗು ಬೆರೆಸಿ ನಕ್ಕರು. ನಡುವೆ ಬಾಯಿ ಹಾಕುವಂತಿಲ್ಲ, ಅದು ನಮ್ಮ ಕೆಲಸದ ನಿಯಮ. ಸುಮ್ಮನೆ ಕೆಂಪು ಗುರುತು ಹಾಕಿಕೊಂಡೆ.

ವರದಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು, ಪ್ರತಿ ಪ್ರಯತ್ನಕ್ಕೆ ಒಂದು ಚೌಕ. ಆದದ್ದು ಹಸಿರು, ಆಗದ್ದು ಕೆಂಪು. ಆ್ಯಪ್ ಎಲ್ಲಿ ಕೆಟ್ಟಿದೆ ಎಂದು ತೋರಿಸುವುದು ನನ್ನ ಉದ್ದೇಶ. ಚಳ್ಳಕೆರೆಯ ಸಭೆಯಲ್ಲಿ ಸಂಸ್ಥೆಯ ಹಿರಿಯರೊಬ್ಬರು ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಪೂರಾ ಕೆಂಪು ಐತಲ್ರೀ, ಇವರನ್ನ ಬಿಡ್ರಿ. ಹಸಿರಿರೋರಿಗೆ ಆರ್ಡರ್ ಕೊಡಾಣ" ಎಂದರು.

"ತಪ್ಪು ಆ್ಯಪಿಂದು ಸಾರ್."

"ನಿಮ್ ಚಿತ್ರಾನೇ ಹೇಳ್ತೈತಲ್ರೀ. ಎಷ್ಟು ಕ್ಲಿಯರ್ ಐತೆ!"

ಹೊಗಳಿಕೆ ಕೇಳಿ ಹಾಳೆಯನ್ನು ಮಡಚಿ ಬಚ್ಚಿಟ್ಟದ್ದು ಅದೇ ಮೊದಲು.

ಮರುದಿನ ಆ ಹಾಳೆ ಹಿಡಿದು ಪೆದ್ದಮ್ಮನ ಮುಂದೆ ಕೂತೆ. ಹೇಗೆ ಹೇಳಲಿ ಎಂದು ತಡವರಿಸುತ್ತಿದ್ದಾಗ ಅವರೇ ಅದನ್ನು ಕಸಿದುಕೊಂಡರು. ಚೌಕಗಳನ್ನು ಕಂಡು ಮುಖ ಅರಳಿತು. "ಯಾವ ಸೀರೆ ಬುಟ್ಟಾ ಇದು?" ಎನ್ನುತ್ತ ಎಲ್ಲಕ್ಕಿಂತ ಕೆಳಗಿನ ಸಾಲಿಗೆ ಬೆರಳಿಟ್ಟು ಎಣಿಸತೊಡಗಿದರು, "ಒಂದು ಕೆಂಪು, ಎರಡು ಕೆಂಪು..."

ಆಗ ಹೊಳೆಯಿತು. ನೇಯುವ ನಕ್ಷೆಯೂ ಬಣ್ಣದ ಚೌಕಗಳದ್ದೇ, ಅದನ್ನು ಕೆಳಗಿನಿಂದಲೇ ಓದುವುದು. ಸೆರಗಿನ ನವಿಲಿಗೆ ಮೊದಲು ಕಾಲು, ಆಮೇಲೆ ಕತ್ತು. ಜೀವಮಾನವಿಡೀ ಹಾಗೆ ಓದಿದ ಕಣ್ಣು ಫೋನನ್ನೂ ಕೆಳಗಿನಿಂದ ಓದಿತ್ತು, ಅಷ್ಟೇ. ಥೂ, ನನ್ನ ಬುದ್ಧಿಗಿಷ್ಟು!

ಅಲ್ಲಿಂದಲೇ ಸಂಸ್ಥೆಗೆ ಫೋನ್ ಮಾಡಿದೆ. ಆರ್ಡರ್ ಹಂಚಿ ಆಯಿತು, ಇನ್ನು ಬದಲಾಗದು ಎಂದರು. ಬೇರೆ ದಾರಿಯಿಲ್ಲದೆ ಪೆದ್ದಮ್ಮನಿಗೆ ಎಲ್ಲವನ್ನೂ ಹೇಳಿದೆ. ನನಗೆ ಅಳು ಬಂತು, ಅವರಿಗೆ ಬರಲಿಲ್ಲ.

"ಈ ಸಾಲು ನಂದಾ?"

"ಹೂಂ, ಪೆದ್ದಮ್ಮ."

ಕೆಂಪು ಚೌಕಗಳ ಮೇಲೆ ನಿಧಾನಕ್ಕೆ ಬೆರಳಾಡಿಸಿದರು. "ಕೆಳಗಿಂದ ತಾನೇ ಹಿಡಿಯೋದು? ನಿಂಗೂ ಹಂಗೇ ಕಲಿಸಿದ್ನಲ್ಲ ನಾಯನಾ" ಎಂದರು.