ಸಾಕೆ: ಬ್ಯಾಡಗಿಯಲ್ಲಿ ತಣ್ಣಗೆ, ರಾಣೆಬೆನ್ನೂರಿನಲ್ಲಿ ಬೆಚ್ಚಗೆ

ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಮೊಳಕೆ ಪರೀಕ್ಷೆ ಮಾಡುವುದು ನನ್ನ ಕೆಲಸ. ಟೊಮೆಟೊ ಬೀಜ, ದೊಣ್ಣೆ ಮೆಣಸಿನಕಾಯಿ ಬೀಜಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ, ಹೇಳಿದಷ್ಟು ಡಿಗ್ರಿಯಲ್ಲಿಟ್ಟು, ಎಷ್ಟು ಮೊಳೆತವೆಂದು ಬರೆದಿಡುತ್ತೇನೆ. ನಮ್ಮಲ್ಲಿ ಬೀಜ ಕೊಳ್ಳುವ ಜಪಾನಿನ ಹಿರಿಯರೊಬ್ಬರು ವರ್ಷಕ್ಕೊಮ್ಮೆ ಬಂದು ನನ್ನ ಪಕ್ಕದಲ್ಲಿ ನಿಂತು ಅದನ್ನೇ ನೋಡುತ್ತಿದ್ದರು. ಅವರ ಇಂಗ್ಲಿಷ್ ನನಗೆ ತಿಳಿಯುತ್ತಿರಲಿಲ್ಲ, ನನ್ನದು ಅವರಿಗೆ. ಹೀಗಾಗಿ ಎಂಟು ವರ್ಷ ನಮ್ಮಿಬ್ಬರ ನಡುವೆ ಒಂದು ಮನಸ್ತಾಪವೂ ಬರಲಿಲ್ಲ.

ತಮ್ಮ ನಿವೃತ್ತಿಗೆ ಮುಂಚಿನ ಕೊನೆಯ ಭೇಟಿಯಲ್ಲಿ ಅವರು ನನಗೊಂದು ಬಾಟಲಿ ಕೊಟ್ಟರು. ಸಾಕೆ, ಅಂದರೆ ಅಕ್ಕಿಯಿಂದ ಮಾಡುವ ಅವರ ದೇಶದ ಮದ್ಯ. ಜೊತೆಗೊಂದು ಕಾಗದ. ಅದರಲ್ಲಿ ತಾವೇ ಥರ್ಮಾಮೀಟರಿನ ಚಿತ್ರ ಬರೆದಿದ್ದರು. ಐದು ಡಿಗ್ರಿಯ ಎದುರು ಹಿಮ, ಹತ್ತರ ಎದುರು ಹೂವು, ಮೂವತ್ತರ ಎದುರು ಸೂರ್ಯ, ಮೂವತ್ತೈದರ ಎದುರು ಒಬ್ಬ ಮನುಷ್ಯ. ಅಲ್ಲಿಂದ ಐವತ್ತರವರೆಗೆ ಬರೀ ಆವಿ. ಒಂದೊಂದು ಬಿಸಿಗೆ ಒಂದೊಂದು ರುಚಿ ಎಂದು ಕೈಸನ್ನೆಯಲ್ಲಿ ತಿಳಿಸಿದರು. ಬೀಜದ ವಿಷಯದಲ್ಲಿ ನಾನು ಡಿಗ್ರಿ ತಪ್ಪಿಸುವವನಲ್ಲ. ಇದರಲ್ಲೂ ತಪ್ಪಿಸುವುದಿಲ್ಲ ಎಂದು ತಲೆಯಾಡಿಸಿದೆ.

ನನಗೆ ಕುಡಿಯುವ ರೂಢಿ ಅಷ್ಟಕ್ಕಷ್ಟೇ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುವ ಗೆಳೆಯನಿಗೆ ಇದೆ. ಹೈಸ್ಕೂಲಿನಿಂದಲೂ ಜೊತೆಗಿದ್ದವನು. ಕಾಗದ ನೋಡಿ ಅವನೆಂದ:

"ಲೇ, ಐದು ಡಿಗ್ರಿ ಅಂದ್ರ ನಮ್ಮ ಸ್ಟೋರೇಜೇ ಅಲ್ಲೇನು? ತಗೊಂಡು ಬಾ."

ಬಾಟಲಿ ಎರಡು ದಿನ ಮೆಣಸಿನಕಾಯಿ ಚೀಲಗಳ ನಡುವೆ ಮಲಗಿತು. ಮೂರನೆಯ ದಿನ ಅಲ್ಲೇ ಒಳಗೆ ನಿಂತು, ಸ್ವೆಟರ್ ಹಾಕಿಕೊಂಡು, ಒಂದೊಂದು ಗುಟುಕು ಕುಡಿದೆವು. ನಾನು ಏಳು ಸಲ ಸೀನಿದೆ. ಅವನಿಗೆ ಮೆಣಸಿನ ಘಾಟು ರೂಢಿಯಾಗಿದ್ದರಿಂದ ಸೀನಲಿಲ್ಲ.

"ಹೆಂಗೈತಿ?" ಎಂದೆ.

"ತಣ್ಣಗ ಐತಿ," ಎಂದ.

ಹೊರಗಿನ ಕಟ್ಟೆಯ ಮೇಲೆ ಅದು ಮೂವತ್ತಕ್ಕೇರುವವರೆಗೆ ಕಾದು ಮತ್ತೆ ಕುಡಿದೆವು. ಮಾರ್ಚ್ ತಿಂಗಳಾದ್ದರಿಂದ ಹೆಚ್ಚು ಕಾಯಬೇಕಾಗಲಿಲ್ಲ. ಈ ಸಲ ಸ್ವಲ್ಪ ಸಿಹಿ ಇತ್ತು. ಅದು ಸಾಕೆಯದೋ, ಸೀನು ನಿಂತದ್ದರದೋ ಹೇಳಲಾರೆ.

ಬಿಸಿ ಮಾಡುವ ಕೆಲಸ ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲೆಂದು ನಿಶ್ಚಯವಾಯಿತು. ಇಲ್ಲಿ ನನ್ನ ಹೆಂಡತಿಯ ವಿಷಯ ಹೇಳಬೇಕು. ಕೊರೊನಾ ಜ್ವರ ಬಂದುಹೋದ ಮೇಲೆ ಅವಳಿಗೆ ವಾಸನೆ ತಿಳಿಯುತ್ತಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಬರುತ್ತದೆ ಎಂದಿದ್ದರು. ಎರಡು ವರ್ಷವಾದರೂ ಬರಲಿಲ್ಲ. ದಿನಾ ಲವಂಗ, ನಿಂಬೆಹಣ್ಣು ಮೂಸಲು ಡಾಕ್ಟರು ಹೇಳಿದ್ದರು. ಆರು ತಿಂಗಳು ಮೂಸಿ, ಏಳನೆಯ ತಿಂಗಳು ಲವಂಗವನ್ನು ಪಲಾವಿಗೆ ಹಾಕಿಬಿಟ್ಟಳು. ಹಾಲು ಸೀದರೆ, ಗ್ಯಾಸ್ ಸೋರಿದರೆ ನಾನೇ ಹೇಳಬೇಕು. ಆ ವಿಷಯ ಅವಳು ಮಾತಾಡುತ್ತಿರಲಿಲ್ಲ. ಒಂದು ಸಲ ಮಾತ್ರ, ತೀರಿಕೊಂಡ ತಾಯಿಯ ಇಳಕಲ್ ಸೀರೆಯನ್ನು ಟ್ರಂಕಿನಿಂದ ತೆಗೆದು, ಮುಖಕ್ಕೆ ಹಿಡಿದು, ಹಾಗೇ ಮಡಚಿಟ್ಟದ್ದನ್ನು ನೋಡಿದ್ದೆ.

"ನನ್ನ ಹಾಲಿನ ಪಾತೇಲಿ ಮುಟ್ಟಬ್ಯಾಡ್ರಿ," ಎಂದಷ್ಟೇ ಹೇಳಿ, ಒಂದು ಹಳೆಯ ಬೋಗುಣಿ ಕೊಟ್ಟು ಅವಳು ಹಿತ್ತಲಿಗೆ ಹೋದಳು.

ಬೋಗುಣಿಯಲ್ಲಿ ನೀರು ಕಾಸಿ, ಅದರಲ್ಲಿ ಸಾಕೆ ತುಂಬಿದ ಸ್ಟೀಲ್ ಲೋಟ ಇಳಿಸಿ, ಥರ್ಮಾಮೀಟರ್ ಹಿಡಿದು ನಿಂತೆ. ಮೂವತ್ತೈದಕ್ಕೆ ಗೆಳೆಯ ಒಂದು ಗುಟುಕು ಕುಡಿದು, "ಮನಿಶಾನ ಬಿಸಿ ಬ್ಯಾಡಪಾ, ಜ್ವರ ಬಂದವ್ನ ಬಿಸಿ ಮಾಡು," ಎಂದ. ನಲವತ್ತೈದು ಬರುವ ಹೊತ್ತಿಗೆ ಅವಳು ಒಗೆದ ಬಟ್ಟೆಯ ಬಕೆಟ್ ಹಿಡಿದು ಒಳಗೆ ಬಂದಳು. ಬಾಗಿಲಲ್ಲೇ ನಿಂತಳು.

"ಅನ್ನ ಬಸಿಯಾಕತ್ತೀರೇನ್ರಿ?"

"ಇಲ್ಲ. ಇವತ್ತು ರೊಟ್ಟಿ ಅಂದಿದ್ದೆಲ್ಲ?"

"ಮತ್ತ ಗಂಜಿ ವಾಸನಿ ಎಲ್ಲಿಂದ ಬಂತು?"

ಗೆಳೆಯ ಲೋಟದ ಕಡೆ ಬೆರಳು ತೋರಿಸಿದ. ಅವಳು ಬಕೆಟ್ ಇಟ್ಟು ಬಂದು ಲೋಟದ ಮೇಲೆ ಬಗ್ಗಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಆವಿ ತಾಗಿತು ಎಂದಳು. ನಾನು ಹೌದೆಂದೆ.

"ಇನ್ನಷ್ಟು ಕಾಸ್ರಿ."

ಐವತ್ತಕ್ಕೆ ಮೂಗು ಉರಿಯಿತಂತೆ, ವಾಸನೆ ಇಲ್ಲ. ಆರಿಸಿದೆ. ನಲವತ್ತೆರಡಕ್ಕೆ ಮತ್ತೆ ಬಂತು. ಮೂವತ್ತಕ್ಕೆ ಹೋಯಿತು. ಮತ್ತೆ ಕಾಸಿದೆ. ಮಧ್ಯಾಹ್ನ ಒಂದು ಗಂಟೆಯವರೆಗೆ ಇದೇ ನಡೆಯಿತು. ಗೆಳೆಯ ಖಾಲಿ ಲೋಟ ಹಿಡಿದು ಅಡುಗೆ ಕಟ್ಟೆಗೊರಗಿ ನಿಂತಿದ್ದ.

"ವೈನಿ, ನಾ ಯಾವಾಗ ಕುಡೀಲಿ?"

"ಸ್ವಲ್ಪ ತಡೀರಿ ಅಣ್ಣಾರ. ಇನ್ನೊಮ್ಮೆ ನೋಡ್ತೀನಿ."

ಅವನು ತಡೆದ. ಅಷ್ಟೇ ಅಲ್ಲ, ಉಳಿದರ್ಧ ಬಾಟಲಿಯನ್ನು ನಮ್ಮಲ್ಲೇ ಬಿಟ್ಟುಹೋದ. ಇಷ್ಟು ವರ್ಷದಲ್ಲಿ ಅವನು ಹಾಗೆ ಮಾಡಿದ್ದು ನಾನು ಕಂಡಿರಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಚಹದ ನಂತರ ಎರಡು ಚಮಚ ಸಾಕೆ ಬಿಸಿ ಮಾಡುವುದು ನಮ್ಮ ಮನೆಯ ಕೆಲಸವಾಯಿತು. ಅವಳು ಒಂದು ಹನಿಯನ್ನೂ ಬಾಯಿಗೆ ಹಾಕಲಿಲ್ಲ. ಮೂಸಿ, ಹೌದು ಅಥವಾ ಇಲ್ಲ ಎನ್ನುತ್ತಿದ್ದಳು. ಹೌದು ಎಂದ ದಿನ ಲವಂಗವನ್ನೂ ಹುಡುಕಿ ತೆಗೆದು ಮೂಸುತ್ತಿದ್ದಳು. ಡಾಕ್ಟರಿಗೆ ಹೇಳಿದೆವು. ಮೂಗು ತಾನಾಗಿಯೇ ಸುಧಾರಿಸುತ್ತಿರಬೇಕು, ಇದರಿಂದಲೇ ಎನ್ನಲಾಗದು ಎಂದರು. ಅವರು ಹೇಳಿದ್ದು ಸರಿಯೇ ಇರಬಹುದು. ಬಾಟಲಿಯ ಹೆಸರು ಮಾತ್ರ ಬರೆದುಕೊಂಡರು.

ಮೇ ತಿಂಗಳಲ್ಲಿ ಸೀಮೆಎಣ್ಣೆ ವಾಸನೆ ಬಂತು, ಆಮೇಲೆ ಲವಂಗದ್ದು. ಬಾಟಲಿಯ ತಳದಲ್ಲಿ ಉಳಿದದ್ದನ್ನು ಅವಳೇ ನಲವತ್ತೆರಡಕ್ಕೆ ಬಿಸಿ ಮಾಡಿ, ಗೆಳೆಯನನ್ನು ಕರೆಸಿ ಕೊಟ್ಟಳು. ಅವನು ಕೂತು, ನಿಧಾನವಾಗಿ, ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದ.

"ಹೆಂಗೈತ್ರಿ ಅಣ್ಣಾರ?"

"ಗಂಜಿ ಕುಡದಂಗ ಐತ್ರಿ ವೈನಿ," ಎಂದ. ಅವಳು ಬಹಳ ಹೊತ್ತು ನಕ್ಕಳು.

ಈಗ ಹಾಲು ಸೀದರೆ ನನಗಿಂತ ಮೊದಲು ಅವಳಿಗೇ ತಿಳಿಯುತ್ತದೆ. ಮಲ್ಲಿಗೆಯ ವಾಸನೆ ಇನ್ನೂ ಬಂದಿಲ್ಲ. ಸುಟ್ಟ ಬದನೆಕಾಯಿಯದೂ ಇಲ್ಲ. ಬದನೆಕಾಯಿ ಸುಡುವ ದಿನ ಮಾತ್ರ, ವಾಸನೆ ನೋಡಿ ಹದ ಹೇಳಲೆಂದು, ನನ್ನನ್ನು ಒಲೆಯ ಹತ್ತಿರ ನಿಲ್ಲಿಸುತ್ತಾಳೆ.