ಯಾರೂ ಒತ್ತದ ಅಕ್ಷರಗಳು

ಲಕ್ವ ಹೊಡೆದ ಮೇಲೆ ದೊಡ್ಡವ್ವನ ಮೈಯಲ್ಲಿ ಅವಳು ಹೇಳಿದ ಹಾಗೆ ಕೇಳುತ್ತಿದ್ದದ್ದು ಎಡಗೈಯ ತೋರುಬೆರಳು ಒಂದೇ. ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಆದರೆ ಕಣ್ಣು ಮೊದಲಿನ ಹಾಗೆಯೇ ಚುರುಕಾಗಿತ್ತು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನೂ ಅಕ್ಕ ಸಾರಿಗೆ ಉಪ್ಪು ಹಾಕುವುದನ್ನೂ ಮಲಗಿದಲ್ಲಿಂದಲೇ ನೋಡುತ್ತಿದ್ದಳು. ಏನೋ ಹೇಳಬೇಕು ಅನ್ನಿಸಿದಾಗ ಆ ಬೆರಳು ಚಾದರದ ಮೇಲೆ ಟಕಟಕ ಬಡಿಯುತ್ತಿತ್ತು.

ಅವಳು ನನ್ನ ಅವ್ವನ ಅಕ್ಕ. ಮದುವೆಯಾದ ಹೊಸತರಲ್ಲಿ ಯಾದಗಿರಿ ಕಡೆಯಿಂದ ಗಂಡನ ಜೊತೆ ಹೈದರಾಬಾದಿಗೆ ಬಂದು, ಕಟ್ಟಡದ ಕೆಲಸದಲ್ಲಿ ತಲೆಯ ಮೇಲೆ ಗಾರೆಯ ಬುಟ್ಟಿ ಹೊತ್ತವಳು. ಹೈಸ್ಕೂಲು ಮುಗಿಸಿದ ನನ್ನನ್ನು ಉಪ್ಪಲ್‌ನ ತನ್ನ ಮನೆಯಲ್ಲಿಟ್ಟುಕೊಂಡು ಓದಿಸಿದಳು. ನಾನೀಗ ಅಮೀರ್‌ಪೇಟ್‌ನ ಒಂದು ತರಬೇತಿ ಸಂಸ್ಥೆಯಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತೇನೆ. ಮನೆಯಲ್ಲಿ ನಾವು ಮೂವರೇ: ದೊಡ್ಡವ್ವ, ನಾನು, ಮನೆಯಲ್ಲೇ ಹೊಲಿಗೆ ಮಾಡುವ ಅವಳ ಮಗಳು. ಅವಳನ್ನು ನಾನು ಅಕ್ಕ ಎನ್ನುತ್ತೇನೆ.

ದೊಡ್ಡವ್ವನಿಗೆ ಕನ್ನಡ ಓದಲು ಬರುತ್ತಿತ್ತು. ಆ ಧೈರ್ಯದಿಂದ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಪ್ರೋಗ್ರಾಮ್ ಬರೆಯಲು ಕುಳಿತೆ. ಪರದೆಯ ಮೇಲೆ ವರ್ಣಮಾಲೆ ಇರುತ್ತದೆ. ಹಳದಿ ಬೆಳಕೊಂದು ಸಾಲಿನಿಂದ ಸಾಲಿಗೆ ತಾನೇ ಇಳಿಯುತ್ತ ಹೋಗುತ್ತದೆ. ಬೇಕಾದ ಸಾಲಿಗೆ ಬಂದಾಗ ಅವಳು ಮಗ್ಗುಲಲ್ಲಿಟ್ಟ ಬೇರೆ ಕೀಲಿಮಣೆಯ ಸ್ಪೇಸ್ ಬಾರ್ ಒತ್ತಬೇಕು. ಆಗ ಬೆಳಕು ಆ ಸಾಲಿನ ಅಕ್ಷರಗಳ ಮೇಲೆ ಓಡುತ್ತದೆ, ಮತ್ತೆ ಒತ್ತಬೇಕು. ಆಮೇಲೆ ಕಾಗುಣಿತದ ಮೇಲೆ ಓಡುತ್ತದೆ, ಇನ್ನೊಮ್ಮೆ ಒತ್ತಬೇಕು. ಒಂದೇ ಬೆರಳಿಗೆ ಅಷ್ಟು ಸಾಕು.

ಮೊದಲ ಸಲ ಓಡಿಸಿದಾಗ ಬೆಳಕು ಮೊದಲ ಸಾಲಿನಲ್ಲೇ ನಿಂತುಬಿಟ್ಟಿತು. ಕೀಲಿಮಣೆಯಿಂದ ಓದುವ ಸಾಮಾನ್ಯ ವಿಧಾನವೇ ಹಾಗೆ. ಯಾರಾದರೂ ಒತ್ತುವವರೆಗೆ ಪ್ರೋಗ್ರಾಮ್ ಬೇರೇನೂ ಮಾಡದೆ ಕಾದು ನಿಲ್ಲುತ್ತದೆ. ನನಗೆ ಬೇಕಾದದ್ದು ನಿಲ್ಲದ ಪ್ರೋಗ್ರಾಮ್: ಬೆಳಕು ಸರಿಸುತ್ತ ಸರಿಸುತ್ತಲೇ ಕೀಲಿ ಏನಾದರೂ ಬಂದಿದೆಯೇ ಎಂದು ಇಣುಕಿ ನೋಡಬೇಕು, ಬಂದಿದ್ದರೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ತನ್ನ ಪಾಡಿಗೆ ಮುಂದೆ ಹೋಗಬೇಕು. ತರಗತಿಯಲ್ಲಿ ಎಷ್ಟೋ ಸಲ ಹೇಳಿಕೊಟ್ಟ ವಿಷಯ ಅದು. ತಿದ್ದಿದ ಮೇಲೆ ಬೆಳಕು ಯಾರಿಗೂ ಕಾಯದೆ ಓಡತೊಡಗಿತು.

ದೊಡ್ಡವ್ವ ಮೊದಲು ಬರೆದದ್ದು ‘ನೀರು’. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನೀರು ತರಲು ಓಡಿದಳು. ಆಮೇಲೆ ‘ಚಾ’ ಬಂತು, ‘ಫ್ಯಾನ್ ಸಾಕು’ ಬಂತು.

ಒಂದು ಮಧ್ಯಾಹ್ನ ಅಕ್ಕ ಕೂಗಿದಳು. “ತಮ್ಮಾ, ಲಗೂನ ಬಾ! ಅವ್ವ ಅಳಾಕತ್ತಾಳ, ನೋಡಿಲ್ಲಿ!”

ಪರದೆಯ ತುಂಬ ‘ಅಅಅಅಅ’ ಎಂದು ಅಕ್ಷರಗಳು ಬೀಳುತ್ತಿದ್ದವು. ದೊಡ್ಡವ್ವ ಅಳುತ್ತಿರಲಿಲ್ಲ. ಅವಳ ಕೈ ಕೀಲಿಮಣೆಯ ಮೇಲೂ ಇರಲಿಲ್ಲ. ಅವಳೂ ನಮ್ಮಂತೆಯೇ ಬೆರಗಾಗಿ ಪರದೆ ನೋಡುತ್ತಿದ್ದಳು. ಹುಡುಕಿದಾಗ ಇದಕ್ಕೆ ಕಾರಣ ಸಿಕ್ಕಿತು. ನಿದ್ದೆಗಣ್ಣಿನಲ್ಲಿ ಅವಳ ಬೆರಳು ಬಹಳ ಹೊತ್ತು ಕೀಲಿಯ ಮೇಲೆ ಒತ್ತಿಕೊಂಡೇ ಇತ್ತು. ಒತ್ತಿದ್ದೆಲ್ಲ ಕಂಪ್ಯೂಟರಿನಲ್ಲಿ ಸಾಲುಗಟ್ಟಿ ನಿಂತಿತ್ತು, ಪ್ರೋಗ್ರಾಮ್ ಒಂದೊಂದಾಗಿ ತೆಗೆದುಕೊಳ್ಳುತ್ತಿತ್ತು. ಬೆಳಕು ಸರಿಯುವ ಮೊದಲೇ ಒತ್ತು ಸಿಗುತ್ತಿದ್ದರಿಂದ ಪ್ರತಿ ಸಲವೂ ಮೊದಲ ಸಾಲಿನ ಮೊದಲ ಅಕ್ಷರವೇ ಬೀಳುತ್ತಿತ್ತು. ಒಂದು ಒತ್ತು ತೆಗೆದುಕೊಂಡ ಕೂಡಲೇ ಉಳಿದವನ್ನು ಅಳಿಸಿಹಾಕುವಂತೆ ಮಾಡಿದೆ. ‘ಅಅಅ’ ನಿಂತಿತು.

ಅದಾದ ಮೇಲೆ ಬಂದ ಮಾತುಗಳೇ ಬೇರೆ. ಒಂದು ಭಾನುವಾರ ಬೆಳಿಗ್ಗೆ ಪರದೆಯ ಮೇಲೆ ‘ಮ್ಯಾಲ ನಿಂತೀನಿ’ ಎಂದಿತ್ತು.

“ಎಲ್ಲಿ ನಿಂತೀಯವ್ವ? ಮಲಗೀಯಲ್ಲ!” ಎಂದು ಅಕ್ಕ ತಾಯಿಯ ಹಣೆ ಸವರಿದಳು. ದೊಡ್ಡವ್ವ ರೆಪ್ಪೆ ಮಿಟುಕಿಸದೆ ಪರದೆಯನ್ನೇ ನೋಡುತ್ತಿದ್ದಳು. ಬೆರಳು ಕೀಲಿಯ ಮೇಲೆಯೇ ಇತ್ತು. ಅಷ್ಟು ಸಣ್ಣ ಒತ್ತು ಹೊರಗಿನವರ ಕಣ್ಣಿಗೆ ಕಾಣುವಂಥದ್ದಲ್ಲ.

ಮರುದಿನ ‘ಕೆಳಗ ಇಳಸ್ರಿ’ ಎಂದು ಬಂತು. ಮಂಚ ಎತ್ತರವಾಗಿ ತಲೆ ತಿರುಗುತ್ತಿರಬೇಕು ಎಂದು ಅಕ್ಕ ಗಾದಿಯನ್ನು ನೆಲಕ್ಕೆ ಹಾಸಿದಳು. ಇಬ್ಬರೂ ಸೇರಿ ದೊಡ್ಡವ್ವನನ್ನು ಮೆಲ್ಲಗೆ ಇಳಿಸಿದೆವು. ಸಂಜೆ ಮತ್ತೆ ಅದೇ ಮಾತು ಬಂತು. ಡಾಕ್ಟರನ್ನು ಕೇಳಿದೆ. ಮಿದುಳಿಗೆ ಪೆಟ್ಟಾದವರಿಗೆ ಹಿಂದಿನದು ಈಗಿನದು ಕಲಸಿಹೋಗುತ್ತದೆ, ಗಾಬರಿಯಾಗಬೇಡಿ ಎಂದರು. ನೆಮ್ಮದಿಯಿಂದ ಮನೆಗೆ ಬಂದರೆ ಅಕ್ಕ ಹೊಲಿಗೆ ಯಂತ್ರ ಬಿಟ್ಟು ಬಾಗಿಲಲ್ಲೇ ನಿಂತಿದ್ದಳು. ಒಳಗೆ ಪರದೆಯ ಮೇಲೆ ‘ನಿಚ್ಚಣಿಕಿ ಒಯ್ದಾರ’ ಎಂದಿತ್ತು.

“ಯಾರು ಒಯ್ದಾರ, ಯಾವ ನಿಚ್ಚಣಿಕಿ? ನನಗ ಅಂಜಿಕಿ ಆಗಾಕತ್ತೈತಿ ತಮ್ಮಾ,” ಎಂದಳು ಅಕ್ಕ.

ಹಳೆಯ ಕೆಲಸದ ದಿನಗಳು, ಆಗ ಹತ್ತಿಳಿದ ಏಣಿಗಳು ನೆನಪಾಗಿರಬೇಕು ಎಂದು ನಾನು ಸಮಾಧಾನ ಹೇಳಿದೆ. ಅದನ್ನು ನಾನೂ ನಂಬಿದ್ದೆ.

ಆ ವಾರದಲ್ಲೇ ಒಂದು ಮಧ್ಯಾಹ್ನ ಅಕ್ಕ ಕೀಲಿಮಣೆಯನ್ನು ಪಕ್ಕದ ಸ್ಟೂಲಿನ ಮೇಲಿಟ್ಟು, ದೊಡ್ಡವ್ವನ ಎಡಗೈಯನ್ನು ತನ್ನ ತೊಡೆಯ ಮೇಲೆಳೆದುಕೊಂಡು ಉಗುರು ಕತ್ತರಿಸುತ್ತಿದ್ದಳು. ನಾನು ಎದುರಿಗೆ ಕೂತು ಬಿಸಿಲಿನಲ್ಲಿ ಚಾ ಕುಡಿಯುತ್ತಿದ್ದೆ. ಪ್ರೋಗ್ರಾಮ್ ಓಡುತ್ತಲೇ ಇತ್ತು. ಸಾಲುಗಳ ಮೇಲೆ ಇಳಿಯುತ್ತಿದ್ದ ಬೆಳಕು ‘ಕ’ ಸಾಲಿನಲ್ಲಿ ತಡೆಯಿತು. ಆಮೇಲೆ ‘ಕ’ ಅಕ್ಷರದ ಮೇಲೆ, ಆಮೇಲೆ ‘ಕೆ’ ಮೇಲೆ. ‘ಕೆ’ ಬಿತ್ತು. ಅವಸರವಿಲ್ಲದೆ ‘ಳ’ ಬಿತ್ತು, ‘ಗ’ ಬಿತ್ತು.

ಅಕ್ಕ ತಲೆ ಎತ್ತಿ ಪರದೆ ನೋಡಿದಳು, ಆಮೇಲೆ ತನ್ನ ಮುಷ್ಟಿಯಲ್ಲಿದ್ದ ತಾಯಿಯ ಕೈ ನೋಡಿದಳು.

ನಾನು ಕೀಲಿಮಣೆಯ ವಯರು ಕಿತ್ತೆ. ಕೀಲಿ ಸಿಕ್ಕಿಕೊಂಡಿದೆಯೇ ನೋಡಿದೆ, ಇರಲಿಲ್ಲ. ಹಳೆಯ ಒತ್ತುಗಳು ಸಾಲುಗಟ್ಟಿದ್ದವು ಎನ್ನೋಣವೆಂದರೆ ಅವನ್ನು ಅಳಿಸುವ ಏರ್ಪಾಡು ನಾನೇ ಮಾಡಿದ್ದೆ. ಅಳಿಯದೆ ಉಳಿದಿದ್ದರೂ ಬರಬೇಕಾದದ್ದು ‘ಅಅಅ’. ಬೆಳಕು ಸರಿಯಾದ ಕಡೆ ಬರುವವರೆಗೆ ಕಾದು, ಬಂದ ಕ್ಷಣವೇ ಒತ್ತಿದರೆ ಮಾತ್ರ ಒಂದು ಮಾತು ಹುಟ್ಟುತ್ತದೆ. ಹಾಗೆ ಕಾಯಲು ಯಾರಾದರೂ ಅಲ್ಲಿ ಪರದೆ ನೋಡುತ್ತಿರಬೇಕು. ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದೆ, ತಪ್ಪು ಸಿಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಅಟ್ಟಕ್ಕೆ ಹಾಕಿದೆ.

ವ್ಯಾಯಾಮ, ಔಷಧಿ, ಅಕ್ಕನ ಆರೈಕೆಯಿಂದ ದೊಡ್ಡವ್ವನ ನಾಲಿಗೆ ನಿಧಾನಕ್ಕೆ ತಿರುಗಿತು. ಮಾತು ತೊದಲಾದರೂ ತಿಳಿಯುವಂತಾಯಿತು. ಒಂದು ಬೆಳಿಗ್ಗೆ ಅವಳನ್ನು ಗೋಡೆಗೆ ಒರಗಿಸಿ ಕೂಡಿಸಿ ಕೇಳಿಯೇಬಿಟ್ಟೆ. “ದೊಡ್ಡವ್ವ, ನಿಚ್ಚಣಿಕಿ ಅಂತ ಬರದಿದ್ದೆಲ್ಲ, ಏನದು?”

ಅವಳು ನನ್ನನ್ನೇ ನೋಡಿದಳು. “ನಾ ಎಲ್ಲಿ ಬರದೀನಿ? ನೀರು, ಚಾ, ಫ್ಯಾನು, ಇಷ್ಟ ನಾ ಬರದಿದ್ದು. ಉಳಿದದ್ದನ್ನ ನಾ ಬರೇ ಓದೀನಿ. ನನ್ನ ಕೈಬಟ್ಟಿನ ಕೆಳಗ ಕೀಲಿ ತಾನ ಇಳೀತಿತ್ತು. ನೀನ ಆ ಮಷೀನ್ದಾಗಿಂದ ಏನೋ ಕೇಳಾಕತ್ತಿ ಅಂದ್ಕೊಂಡಿದ್ದೆ.”

ಅಡುಗೆಮನೆಯಲ್ಲಿ ಅಕ್ಕನ ಲಟ್ಟಣಿಗೆಯ ಸದ್ದು ನಿಂತಿತು.

ದೊಡ್ಡವ್ವ ತಾನೇ ಮುಂದುವರಿಸಿದಳು. “ನಮ್ಮ ಗುಂಪಿನ್ಯಾಗ ಒಬ್ಬಾಕಿ ಇದ್ಲು. ಉಪ್ಪಲ್ ಕಡೆನ ಕೆಲಸ, ಆವಾಗ ಇಲ್ಲೆಲ್ಲಾ ಬಯಲು. ಆಕಿಗೆ ಜ್ವರ ಬಂದಿತ್ತು. ಮ್ಯಾಲಿನ ಸ್ಲ್ಯಾಬಿನ ಮೂಲ್ಯಾಗ ಮಲಗಿದ್ಲಂತ, ನಮಗ ಗೊತ್ತಿದ್ದಿಲ್ಲ. ಮೆಟ್ಟಲ ಇನ್ನಾ ಕಟ್ಟಿದ್ದಿಲ್ಲ. ಸಂಜಿಕ ಮೇಸ್ತ್ರಿ ಬ್ಯಾರೆ ಕೆಲಸಕ್ಕ ನಿಚ್ಚಣಿಕಿ ಒಯ್ಸಿದ. ಮುಂಜಾನೆ ಹೋಗಿ ನೋಡಿದ್ರ ಆಕಿ ಮ್ಯಾಲೂ ಇದ್ದಿಲ್ಲ, ಕೆಳಗೂ ಇದ್ದಿಲ್ಲ. ಊರಿಗೂ ಹೋಗಿದ್ದಿಲ್ಲ.”

“ಯಾವ ಕಟ್ಟಡ ದೊಡ್ಡವ್ವ?”

“ಯಾರಿಗೆ ಗುರ್ತು ಸಿಗತೈತಿ ಈಗ? ನಾವಿರೋ ಇದ ಕಟ್ಟಡ ಇರಬೌದು, ಎದುರಿಂದು ಇರಬೌದು.” ತಡೆದು ಮತ್ತೆ ಹೇಳಿದಳು. “ಆದ್ರ ಆಕಿಗೆ ಅಕ್ಷರ ಬರತಿದ್ದಿಲ್ಲ ತಮ್ಮಾ. ಊರಿಂದ ಕಾಗದ ಬಂದ್ರ ನಾನ ಓದಿ ಹೇಳತಿದ್ದೆ.”

ಅವಳ ಒತ್ತಾಯಕ್ಕೆ ಲ್ಯಾಪ್‌ಟಾಪ್ ಇಳಿಸಿ ಪ್ರೋಗ್ರಾಮ್ ಹಚ್ಚಿದೆ. ದೊಡ್ಡವ್ವ ಬೆರಳಿಟ್ಟು ತಾನೇ ಒಂದೊಂದಕ್ಷರ ಆರಿಸಿ ‘ಇಳಿಯವ್ವ, ನಾವು ಅದೀವಿ’ ಎಂದು ಬರೆದಳು. ಆಮೇಲೆ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಬೆಳಕು ಸಾಲಿನಿಂದ ಸಾಲಿಗೆ ಇಳಿಯುತ್ತ ಹೋಯಿತು. ನಾವಿಬ್ಬರೂ ಅದನ್ನೇ ನೋಡುತ್ತ ಕುಳಿತೆವು. ಅದು ಎಲ್ಲಿಯೂ ತಡೆಯಲಿಲ್ಲ.

ಅಲ್ಲಿಂದೀಚೆಗೆ ಎಷ್ಟೋ ಸಲ ಅದನ್ನು ಓಡಲು ಬಿಟ್ಟು ನೋಡಿದ್ದೇನೆ. ಪರದೆ ಖಾಲಿಯೇ ಇರುತ್ತದೆ. “ಏನರ ಬಂತೇನು?” ಎಂದು ದೊಡ್ಡವ್ವ ಕೇಳುತ್ತಾಳೆ. ಇಲ್ಲ ಎನ್ನುತ್ತೇನೆ.

“ಹಂಗಾದ್ರ ಇಳದಿರಬೇಕು,” ಎಂದಳು ಮೊನ್ನೆ.

“ಇಳದು ಎಲ್ಲಿಗಿ ಬಂದ್ಲವ್ವ?” ಎಂದು ಅಕ್ಕ ಒಳಗಿನಿಂದ ಕೇಳಿದಳು.