ದೆವ್ವದ ಎದೆಗೆ ಅರಿಶಿನ

ಶಾಲೆಗೆ ಹೊರಡಲು ಇನ್ನು ಹತ್ತೇ ನಿಮಿಷ ಎನ್ನುವಾಗ ನಮ್ಮತ್ತೆ ಮಗ್ಗದಿಂದ ಎದ್ದು ಬಂದು, ನಾನು ಹೊಲಿದಿದ್ದ ಬಿಳಿ ದೆವ್ವದ ಉಡುಪಿನ ಎದೆಗೇ ಅರಿಶಿನ ಬಳಿದುಬಿಟ್ಟರು.

ಕಿರುಚಿದ್ದು ಮೂರನೇ ತರಗತಿಯ ನನ್ನ ಮಗಳು ಪಲ್ಲವಿ. ಕಥೆಪುಸ್ತಕವೊಂದರಲ್ಲಿ ತನ್ನವರು ಯಾರೂ ಇಲ್ಲದೆ ಊರೂರು ಅಲೆಯುವ ಒಂದು ದೆವ್ವವಿದೆ. ಅದೆಂದರೆ ಅವಳಿಗೆ ಪ್ರಾಣ. ವೇಷಭೂಷಣ ಸ್ಪರ್ಧೆಗೆ ಅದೇ ಆಗಬೇಕೆಂದು ಹಟ ಹಿಡಿದಿದ್ದಳು. ಚಳ್ಳಕೆರೆಯಿಂದ ಬಟ್ಟೆ ತಂದು ನಾಲ್ಕು ದಿನ ಕೂತು ಹೊಲಿದಿದ್ದೆ. ಜೀವನವಿಡೀ ರೇಷ್ಮೆ ಸೀರೆ ನೇಯ್ದ ಅತ್ತೆ, ಅಂಚಿಲ್ಲದ್ದೂ ಒಂದು ಬಟ್ಟೆಯೇ ಎಂದು ಆಗಲೇ ಮೂಗು ಮುರಿದಿದ್ದರು.

ಅರಿಶಿನ ಮುಟ್ಟಿಸದೆ ಹೊಸ ಬಟ್ಟೆ ತೊಡುವುದು ನಮ್ಮ ಮನೆಯಲ್ಲಿ ಆಗದ ಮಾತು. ಎಂದಿನಂತೆ ಮೂಲೆಗೊಂದು ಚುಕ್ಕೆ ಇಟ್ಟಿದ್ದರೆ ಸಾಕಿತ್ತು. ದೆವ್ವವೆಂದು ಕೇಳಿ ಅತ್ತೆಯ ಕೈ ಧಾರಾಳವಾಗಿತ್ತು.

“ಅರಿಶಿನ ಕಂಡ್ರೆ ದೆವ್ವ ಓಡಿ ಹೋಗ್ತೈತೆ ಅಜ್ಜೀ!” ಎಂದು ಮಗಳು ಅತ್ತಳು.

“ದೆವ್ವ ಓಡಿ ಹೋಗ್ಲಿ ಬಿಡು. ನನ್ನ ಮೊಮ್ಮಗಳು ಇರ್ಲಿ,” ಎಂದು ಅತ್ತೆ ಮತ್ತೆ ಮಗ್ಗಕ್ಕೆ ಕೂತರು.

ಒಗೆದು ಒಣಗಿಸಲು ಸಮಯವಿರಲಿಲ್ಲ. ಬಿಕ್ಕುತ್ತಲೇ ವೇದಿಕೆ ಹತ್ತಿದ ದೆವ್ವವನ್ನು, ಎದೆಯ ಮೇಲೆ ಅದೇನು ಎಂದು ಟೀಚರ್ ನಗುತ್ತಾ ಕೇಳಿದರು. ದೆವ್ವ ಮೂಗು ಒರೆಸಿಕೊಂಡು ಒಂದು ಗಳಿಗೆ ಯೋಚಿಸಿತು.

“ಈ ದೆವ್ವಕ್ಕೆ ಮನೇಲಿ ಅಜ್ಜಿ ಇದಾಳೆ ಮಿಸ್.”

ಬಹುಮಾನ ಪೊಲೀಸ್ ವೇಷಕ್ಕೆ ಹೋಯಿತು. ಒಗೆದು ಮೊಳಕಾಲ್ಮುರಿನ ಬಿಸಿಲಿಗೆ ಹಾಕಿದರೆ ಆ ಹಳದಿ ಒಂದೆರಡು ದಿನಕ್ಕೆ ಹೋಗುತ್ತದೆ. ನಾನಿನ್ನೂ ಒಗೆದಿಲ್ಲ.